ಪೋಸ್ಟ್ ಹಾಕಿದ್ರೆ ಹಲ್ಲು ಗಟ್ಟಿ ಆಗುತ್ತಾ?

ಹೋದ ವರ್ಷ ಒಬ್ರು ಬಂದ್ರು, ಕೈಯಲ್ಲಿ ಮಡಚಿದ ಟಿಶ್ಯೂ ಪೇಪರ್. ಬಿಚ್ಚಿದ್ರೆ ಒಳಗೆ ಮೇಲಿನ ಮುಂದಿನ ಹಲ್ಲಿನ ಕ್ಯಾಪ್, ಅದರೊಳಗೆ ಕ್ಯಾಪ್ ಕೂರೋ ದಿಮ್ಮಿ, ಅಂದ್ರೆ ಕೋರ್, ಕೋರಿಂದ ಕೆಳಗೆ ಬೆಳ್ಳಗೆ ಚಾಚಿಕೊಂಡಿರೋ ಫೈಬರ್ ಪೋಸ್ಟ್, ಅಂದ್ರೆ ಬೇರಿನ ನಾಳದೊಳಗೆ ಇಳಿಸೋ ಕಡ್ಡಿ, ಎಲ್ಲ ಸೇರಿ ಒಂದೇ ತುಂಡು, ಗಿಡ ಬೇರು ಸಮೇತ ಕಿತ್ತು ಬಂದ ಹಾಗೆ. "ಡಾಕ್ಟ್ರೇ, ಇದನ್ನ ಹಾಗೇ ಅಂಟಿಸಿಬಿಡಿ, ಐದು ನಿಮಿಷದ ಕೆಲ್ಸ ಅಲ್ವಾ" ಅಂದ್ರು. ನಾನು ಅವರ ಬಾಯಿ ನೋಡೋಕೂ ಮುಂಚೆ ಆ ಪೋಸ್ಟ್ ತಗೊಂಡು ಲೈಟ್ ಕೆಳಗೆ ತಿರುಗಿಸಿ ನೋಡಿದೆ. ಸಿಮೆಂಟ್ ಅಷ್ಟೂ ಪೋಸ್ಟ್ ಮೇಲೇ ಇತ್ತು, ತುದಿ ಹತ್ರ ಒಂದು ಗುಲಾಬಿ ಬಣ್ಣದ ಸಣ್ಣ ಕಲೆ. ಅಂದ್ರೆ ಪೋಸ್ಟ್‌ಗೂ ಸಿಮೆಂಟ್‌ಗೂ ಹೊಂದಾಣಿಕೆ ಚೆನ್ನಾಗೇ ಇದೆ, ಸಿಮೆಂಟ್ ಹಲ್ಲಿನ ಗೋಡೆಗೆ ಹಿಡಿದೇ ಇಲ್ಲ. ಆ ಗುಲಾಬಿ ಕಲೆ ಗಟಾ ಪರ್ಚಾದ್ದು, ರೂಟ್ ಕೆನಾಲ್ ಮಾಡಿದ ಮೇಲೆ ನಾಳದಲ್ಲಿ ತುಂಬ್ತೀವಲ್ಲ ಅದು, ಗೋಡೆ ಮೇಲಿಂದ ಪೂರ್ತಿ ಕೆರೆದು ತೆಗೆದಿರಲಿಲ್ಲ. ಬೇರೆ ಯಾರೋ ಹಾಕಿದ್ದಾಗಿದ್ರೆ ಮನಸ್ಸಲ್ಲೇ ಬೈಕೊಂಡು ಸುಮ್ಮನಾಗಬಹುದಿತ್ತು, ಆದ್ರೆ ಹಾಕಿದ್ದು ನಾನೇ, ಪ್ರಾಕ್ಟೀಸ್ ಶುರು ಮಾಡಿದ ಹೊಸದ್ರಲ್ಲಿ.

ಆಗ ನಾನು ಏನಂದುಕೊಂಡಿದ್ದೆ ಅಂದ್ರೆ ನರ ತೆಗೆದ ಹಲ್ಲು ಒಣಗಿ ಪೊಳ್ಳಾಗುತ್ತೆ, ಕಾಂಕ್ರೀಟ್ ಒಳಗೆ ಸರಳು ಹಾಕ್ತಾರಲ್ಲ ಹಾಗೆ ಒಳಗೊಂದು ಪೋಸ್ಟ್ ಇಳಿಸಿದ್ರೆ ಗಟ್ಟಿಯಾಗುತ್ತೆ ಅಂತ. ಪೇಷಂಟ್‌ಗಳಿಗೂ ಹಾಗೇ ಹೇಳ್ತಿದ್ದೆ. ಈಗಲೂ ತುಂಬ ಜನ ಹಾಗೇ ಹೇಳ್ತಾರೆ, ಕೇಳೋಕೆ ಚೆನ್ನಾಗಿರುತ್ತೆ, ಆದ್ರೆ ಅದು ನಿಜ ಅಲ್ಲ. ರೂಟ್ ಕೆನಾಲ್ ಆದ ಹಲ್ಲು ಸೋಲೋದು ಒಣಗಿದ್ದಕ್ಕಲ್ಲ, ಹುಳುಕು, ಹಳೇ ಫಿಲ್ಲಿಂಗ್, ಡ್ರಿಲ್ ಎಲ್ಲ ಸೇರಿ ಹಲ್ಲನ್ನ ತಿಂದುಹಾಕಿರೋದಕ್ಕೆ. 1989ರಲ್ಲಿ ಪ್ರಿಮೋಲಾರ್, ಅಂದ್ರೆ ಕೋರೆಹಲ್ಲಿಗೂ ದವಡೆ ಹಲ್ಲಿಗೂ ಮಧ್ಯೆ ಇರೋ ಹಲ್ಲುಗಳ ಮೇಲೆ ಮಾಡಿದ ಒಂದು ಲ್ಯಾಬ್ ಪ್ರಯೋಗ ಇದೆ, ಅದರಲ್ಲಿ ಬರೀ ರೂಟ್ ಕೆನಾಲ್ ಕೆಲಸದಿಂದ ಹಲ್ಲಿನ ಬಿಗಿತ ಕಮ್ಮಿಯಾಗಿದ್ದು 5% ಅಷ್ಟೇ, ಅದೇ ಹಲ್ಲಿನ ಎರಡೂ ಪಕ್ಕದ ಅಂಚು ಹೋಗೋ ಥರ ದೊಡ್ಡ ಕ್ಯಾವಿಟಿ ಕೊರೆದಾಗ 63%. ಅಂಚು ಹೋದ್ರೆ ಹಲ್ಲಿನ ಕಟ್ಟೇ ಬಿಚ್ಚಿದ ಹಾಗೆ.

ಹಾಗಾದ್ರೆ ಪೋಸ್ಟ್ ಯಾಕೆ? ಒಸಡಿನ ಮೇಲಿನ ಹಲ್ಲು ಮುರಿದು ಹೋಗಿ, ಕ್ಯಾಪ್ ಕೂರಿಸೋಕೆ ಬೇಕಾದ ದಿಮ್ಮಿ, ಅಂದ್ರೆ ಕೋರ್, ನಿಲ್ಲೋಕೆ ಜಾಗ ಇಲ್ಲದಾಗ ಅದನ್ನ ಬೇರಿಗೆ ಕಟ್ಟಿ ನಿಲ್ಲಿಸೋಕೆ. ಗೂಟದ ಕೆಲಸ. ಗೂಟ ಹೊಡೆದ್ರೆ ಹಗ್ಗ ನಿಲ್ಲುತ್ತೆ, ನೆಲ ಗಟ್ಟಿಯಾಗಲ್ಲ. ಇನ್ನೂ ಹೇಳಬೇಕಂದ್ರೆ ಗೂಟಕ್ಕೆ ಜಾಗ ಮಾಡೋಕೆ ಬೇರಿನ ಒಳಗೆ ಕೊರೆದಷ್ಟೂ ಬೇರು ತೆಳ್ಳಗಾಗುತ್ತೆ, ಹಲ್ಲು ಬಲ ಕಳ್ಕೊಳ್ಳುತ್ತೆ.

ಈ ಯೋಚನೆ ಹೊಸದೇನಲ್ಲ. ಫ್ರಾನ್ಸಿನ ಪಿಯೇರ್ ಫೊಶಾರ್ 1728ರಷ್ಟು ಹಿಂದೆಯೇ ಬೇರಿನೊಳಗೆ ಚಿನ್ನದ್ದೋ ಬೆಳ್ಳಿಯದ್ದೋ ಕಡ್ಡಿ ಇಳಿಸಿ ಹಲ್ಲು ಕೂರಿಸೋದನ್ನ ಬರೆದಿಟ್ಟಿದ್ರು. ಮಧ್ಯೆ ಮರದ ಗೂಟ ಹಾಕೋ ಕಾಲವೂ ಬಂತು, ಅದು ಬಾಯಿನೀರು ಹೀರಿ ಉಬ್ಬಿ ಬೇರನ್ನೇ ಸೀಳ್ತಿತ್ತು. ಆಮೇಲೆ ಎರಕ ಹೊಯ್ದ ಲೋಹದ ಪೋಸ್ಟ್, ರೆಡಿಮೇಡ್ ಸ್ಟೀಲ್, ಟೈಟಾನಿಯಂ. 1990ರ ಸುಮಾರಿಗೆ ಫ್ರಾನ್ಸಿಂದಲೇ ಕಾರ್ಬನ್ ಫೈಬರ್ ಪೋಸ್ಟ್ ಬಂತು, ಕಪ್ಪು ಬಣ್ಣ, ಮೇಲೆ ಸೆರಾಮಿಕ್ ಕ್ಯಾಪ್ ಹಾಕಿದ್ರೆ ಒಳಗಿಂದ ನೆರಳು ಕಾಣೋದು. ಅದಕ್ಕೇ ಈಗ ನಾವು ಬಳಸೋದು ಹೆಚ್ಚಾಗಿ ಗ್ಲಾಸ್ ಅಥವಾ ಕ್ವಾರ್ಟ್ಜ್ ಫೈಬರ್, ಉದ್ದಕ್ಕೆ ಸಾಲಾಗಿ ಮಲಗಿರೋ ಸಾವಿರಾರು ಎಳೆಗಳನ್ನ ರೆಸಿನ್ ಅನ್ನೋ ಪ್ಲಾಸ್ಟಿಕ್ ಥರದ ವಸ್ತು ಹಿಡಿದಿಟ್ಟಿರುತ್ತೆ.

ಫೈಬರ್ ಯಾಕೆ ಮೇಲು ಅಂದ್ರೆ ಅದು ಜಾಸ್ತಿ ಗಟ್ಟಿ ಅಂತಲ್ಲ, ಉಲ್ಟಾ. ಹಲ್ಲಿನ ಡೆಂಟಿನ್, ಅಂದ್ರೆ ಹೊರಗಿನ ಎನಾಮೆಲ್ ಒಳಗಿರೋ ಭಾಗ, ಎಷ್ಟು ಬಿಗಿ ಅಂತ ಅಳೆದ್ರೆ ಸುಮಾರು 18 ಗಿಗಾಪಾಸ್ಕಲ್ (ಬಿಗಿತದ ಅಳತೆ) ಬರುತ್ತೆ, ಗ್ಲಾಸ್ ಫೈಬರ್ ಪೋಸ್ಟ್ ಸಾಮಾನ್ಯವಾಗಿ 20ರಿಂದ 40ರೊಳಗೆ, ಟೈಟಾನಿಯಂ 110ರ ಹತ್ರ, ಸ್ಟೀಲ್ 200. ಕಚ್ಚಿದಾಗ ಹಲ್ಲು ಒಂಚೂರು ಬಾಗುತ್ತೆ, ಫೈಬರ್ ಅದರ ಜೊತೆ ತಾನೂ ಬಾಗುತ್ತೆ, ಸ್ಟೀಲ್ ಬಾಗಲ್ಲ, ಸೌದೆಗೆ ಬೆಣೆ ಹೊಡೆದ ಹಾಗೆ ಬೇರಿನ ಒಳಗೋಡೆಯನ್ನ ಒತ್ತುತ್ತೆ. ಬೇರು ಉದ್ದಕ್ಕೆ ಸೀಳಿದ್ರೆ ಕೀಳೋದು ಬಿಟ್ಟು ಬೇರೆ ದಾರಿ ಇರೋದು ಅಪರೂಪ. ಫೈಬರ್ ಸೋತಾಗ ಹೆಚ್ಚಿನ ಸಲ ಆಗೋದು ನಮ್ಮ ಟಿಶ್ಯೂ ಪೇಪರಿನಲ್ಲಿ ಬಂದ ಹಾಗೆ, ಅಂಟು ಬಿಡುತ್ತೆ ಅಥವಾ ಕೋರ್ ಮುರಿಯುತ್ತೆ, ಬೇರು ಉಳಿಯುತ್ತೆ, ಮತ್ತೆ ಮಾಡಬಹುದು. ಯಾವಾಗಲೂ ಹೀಗೇ ಅಂತ ಗ್ಯಾರಂಟಿ ಇಲ್ಲ, ಫೈಬರ್ ಹಾಕಿದ ಬೇರೂ ಸೀಳಿದ್ದನ್ನ ನೋಡಿದೀನಿ, ಆದ್ರೂ ನನ್ನ ಹಲ್ಲಿಗೆ ಹಾಕೋದಾದ್ರೆ ಫೈಬರೇ ಹಾಕಿ ಅಂತೀನಿ.

ಆದ್ರೆ ಯಾವ ಪೋಸ್ಟ್ ಅನ್ನೋದಕ್ಕಿಂತ ಮುಂಚಿನ ಪ್ರಶ್ನೆ ಒಂದಿದೆ, ಅದನ್ನ ಯಾರೂ ಕೇಳಲ್ಲ. ಒಸಡಿನ ಮೇಲೆ ಹಲ್ಲು ಎಷ್ಟು ಉಳಿದಿದೆ? ಬಡಗಿ ಹತ್ರ ಉಳಿ ನೋಡಿದೀರಾ, ಮರದ ಹಿಡಿಯ ಬಾಯಿಗೆ ಒಂದು ಲೋಹದ ಬಳೆ ಹಾಕಿರ್ತಾರೆ, ಸುತ್ತಿಗೆ ಏಟಿಗೆ ಹಿಡಿ ಸೀಳದೇ ಇರಲಿ ಅಂತ. ಹಲ್ಲಿಗೂ ಅದೇ ಬೇಕು, ಫೆರುಲ್ ಅಂತೀವಿ. ಕ್ಯಾಪಿನ ಕೆಳ ಅಂಚು ಕೋರನ್ನ ದಾಟಿ ನಿಜವಾದ ಹಲ್ಲನ್ನೇ ಸುತ್ತಲೂ ಅಪ್ಪಿ ಹಿಡೀಬೇಕು, ಎತ್ತರ 1.5ರಿಂದ 2 ಮಿಲಿಮೀಟರ್ ಆದ್ರೂ ಇರಬೇಕು, ಗೋಡೆ ದಪ್ಪ ಸುಮಾರು 1 ಮಿಲಿಮೀಟರ್. ಈ 2 ಮಿಲಿಮೀಟರ್ ಇದ್ರೆ ಸಾಧಾರಣ ಪೋಸ್ಟೂ ವರ್ಷಗಟ್ಟಲೆ ಬಾಳುತ್ತೆ, ಇಲ್ಲದಿದ್ರೆ ಎಂಥಾ ದುಬಾರಿ ಪೋಸ್ಟ್ ಹಾಕಿದ್ರೂ ಒಂದಿನ ಟಿಶ್ಯೂ ಪೇಪರ್‌ನಲ್ಲಿ ವಾಪಸ್ ಬರುತ್ತೆ. ಸುತ್ತಲೂ ಸಿಗದೇ ಇದ್ದಾಗ ಒಂದು ಪಕ್ಕದಲ್ಲಾದ್ರೂ ಇರೋದು ಏನೂ ಇಲ್ಲದ್ದಕ್ಕಿಂತ ಮೇಲು, ಅದರಲ್ಲೂ ಮೇಲಿನ ಮುಂದಿನ ಹಲ್ಲಿಗೆ ನಾಲಿಗೆ ಕಡೆಯ ಗೋಡೆ ಉಳಿದಿದ್ರೆ ಅದನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡ್ಕೋಬೇಕು, ಯಾಕಂದ್ರೆ ಕಚ್ಚಿದಾಗ ಕೆಳಗಿನ ಹಲ್ಲು ಇದನ್ನ ಹಿಂದಿನಿಂದ ಹೊರಕ್ಕೆ ತಳ್ಳುತ್ತೆ.

ಪೋಸ್ಟ್ ಬೇಡವೇ ಬೇಡದ ಕಡೆಯೂ ತುಂಬ ಇದೆ. ದವಡೆ ಹಲ್ಲಿನ ಒಳಗೆ ನರದ ಕೋಣೆ ದೊಡ್ಡದು, ಕಾಂಪೋಸಿಟ್, ಅಂದ್ರೆ ಹಲ್ಲಿನ ಬಣ್ಣದ ಫಿಲ್ಲಿಂಗ್, ಅಲ್ಲೇ ಕಚ್ಕೊಂಡು ಕೂರುತ್ತೆ, ಹೆಚ್ಚಿನ ಸಲ ಪೋಸ್ಟ್ ಹಾಕೋ ಅಗತ್ಯವೇ ಬರಲ್ಲ. ಬಂದ್ರೂ ಒಂದು ಸಾಕು, ಮೇಲಿನದಾದ್ರೆ ಅಂಗುಳಿನ ಕಡೆಯ ಬೇರು, ಕೆಳಗಿನದಾದ್ರೆ ಹಿಂದಿನ ಬೇರು, ಅವು ದಪ್ಪ ಮತ್ತು ನೇರ. ಸಣ್ಣ ಸೊಟ್ಟ ನಾಳಗಳಿಗೆ ಪೋಸ್ಟ್ ಇಳಿಸೋ ಸಾಹಸ ಬೇಡ, ಪಕ್ಕಕ್ಕೆ ತೂತು ಬೀಳುತ್ತೆ. ಮುಂದಿನ ಹಲ್ಲು ಪೂರ್ತಿ ಚೆನ್ನಾಗಿದ್ದು ಹಿಂದೆ ರೂಟ್ ಕೆನಾಲ್ ಮಾಡಿದ ತೂತು ಮಾತ್ರ ಇದ್ರೆ ಕಾಂಪೋಸಿಟ್ ತುಂಬಿ ಬಿಟ್ಟುಬಿಡಿ. ಕಷ್ಟ ಇರೋದು ಪ್ರಿಮೋಲಾರ್‌ಗಳಲ್ಲಿ, ಅವು ಅಗಿಯೋ ಭಾರ ಹೊರಬೇಕು ಆದ್ರೆ ಬೇರು ಸಣ್ಣ, ಮೇಲಿನ ಮೊದಲನೇ ಪ್ರಿಮೋಲಾರ್‌ನ ಕೆನ್ನೆ ಕಡೆ ಬೇರಿನ ಒಳಪಕ್ಕದಲ್ಲಿ ಒಂದು ತಗ್ಗು ಇರುತ್ತೆ, ಮಾಮೂಲಿ ಎಕ್ಸ್‌ರೇಯಲ್ಲಿ ಕಾಣಲ್ಲ, ಡ್ರಿಲ್‌ಗೆ ಮಾತ್ರ ಸರಿಯಾಗಿ ಸಿಗುತ್ತೆ.

ಸೈಜ್ ಆರಿಸೋದ್ರಲ್ಲಿ ನನ್ನ ನಿಯಮ ಸೀದಾ, ಪೋಸ್ಟ್‌ಗೆ ತಕ್ಕ ಹಾಗೆ ನಾಳವನ್ನ ಕೊರೀಬಾರದು, ನಾಳ ಇರೋದಕ್ಕೆ ತಕ್ಕ ಪೋಸ್ಟ್ ಆರಿಸ್ಬೇಕು. ಪೋಸ್ಟಿನ ದಪ್ಪ ಬೇರಿನ ಮೂರನೇ ಒಂದು ಭಾಗ ಮೀರಬಾರದು. ಉದ್ದ ಕ್ಯಾಪಿನ ಎತ್ತರದಷ್ಟಾದ್ರೂ ಇರಲಿ, ಆದ್ರೆ ಬೇರಿನ ತುದಿಯಲ್ಲಿ 4ರಿಂದ 5 ಮಿಲಿಮೀಟರ್ ಗಟಾ ಪರ್ಚಾ ಮುಟ್ಟದೇ ಬಿಡಬೇಕು, ಅದೇ ತುದಿಯ ಮುಚ್ಚಳ. ಬೇರು ಗಿಡ್ಡ ಇದ್ದು ಎರಡೂ ಲೆಕ್ಕ ಕೂಡದೇ ಇದ್ರೆ ನಾನು ಪೋಸ್ಟ್ ಗಿಡ್ಡ ಮಾಡ್ಕೋತೀನಿ, ತುದಿ ಮುಟ್ಟಲ್ಲ. ನಾಳ ಅಂಡಾಕಾರ ಇದ್ದು ಗುಂಡು ಪೋಸ್ಟ್ ಅದರೊಳಗೆ ಗಲಗಲ ಅಂದ್ರೆ ಸುತ್ತ ಬರೀ ಸಿಮೆಂಟ್ ತುಂಬೋದು ತಪ್ಪು, ಪೋಸ್ಟ್ ಮೇಲೆ ಕಾಂಪೋಸಿಟ್ ಹಚ್ಚಿ ನಾಳದ ಅಚ್ಚು ತಗೊಂಡು ಗಟ್ಟಿ ಮಾಡಿ ಆಮೇಲೆ ಅಂಟಿಸಿದ್ರೆ ಸಿಮೆಂಟಿನ ಪದರ ತೆಳ್ಳಗಿರುತ್ತೆ. ಆರಿಸುವಾಗ ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣೋ ಪೋಸ್ಟ್ ಆರಿಸಿ, ನಾಳೆ ಬೇರೆಯವರು ನೋಡಿದಾಗ ಒಳಗೇನಿದೆ ಅಂತ ಗೊತ್ತಾಗ್ಬೇಕು.

ಈಗ ನನ್ನ ತಪ್ಪಿಗೆ ಬರ್ತೀನಿ, ಯಾಕಂದ್ರೆ ಫೈಬರ್ ಪೋಸ್ಟಿನ ಹಣೆಬರಹ ಬರೆಯೋದು ಅಂಟಿಸೋ ಆ ಹತ್ತು ನಿಮಿಷ. ಬೇರಿನ ನಾಳ ಅಂಟಿಗೆ ಬಹಳ ಕೆಟ್ಟ ಜಾಗ. ಕತ್ತಲು, ಆಳ, ಒದ್ದೆ, ಮತ್ತೆ ಸಿಮೆಂಟಿನಲ್ಲಿರೋ ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತೆ, ಸುತ್ತಲೂ ಗೋಡೆ ಇರೋದ್ರಿಂದ ಆ ಎಳೆತ ಎಲ್ಲ ಅಂಟಿನ ಮೇಲೇ ಬೀಳುತ್ತೆ. ಇಂಥ ಕಡೆ ಗೋಡೆಗೆ ಗಟಾ ಪರ್ಚಾ, ಅದರ ಜೊತೆ ಹಾಕೋ ಅಂಟು, ಅಂದ್ರೆ ಸೀಲರ್, ಮೆತ್ತಿಕೊಂಡಿದ್ರೆ ಸಿಮೆಂಟ್ ಹಿಡಿಯೋದು ಅದನ್ನ, ಹಲ್ಲನ್ನಲ್ಲ. ಎಣ್ಣೆ ಮೆತ್ತಿದ ಗೋಡೆಗೆ ಸುಣ್ಣ ಬಳಿದ ಹಾಗೆ. ಆವತ್ತು ನಾನು ಪೀಸೋ ರೀಮರ್ ಅನ್ನೋ ಡ್ರಿಲ್ ಹಾಕಿ ಜಾಗ ಮಾಡಿ, ನೀರಲ್ಲಿ ತೊಳೆದು, ಒರೆಸಿ, ಎಕ್ಸ್‌ರೇ ಕೂಡ ತೆಗೀದೇ ಪೋಸ್ಟ್ ಇಳಿಸಿದ್ದೆ, ಹೊರಗೆ ಇನ್ನಿಬ್ಬರು ಕಾಯ್ತಿದ್ರು. ಈಗ ಮ್ಯಾಗ್ನಿಫೈಯಿಂಗ್ ಲೂಪ್ಸ್ ಹಾಕ್ಕೊಂಡು ಗೋಡೆ ಪೂರ್ತಿ ಡೆಂಟಿನ್ ಬಣ್ಣಕ್ಕೆ ಬರೋ ತನಕ ಕೆರೀತೀನಿ, ಅನುಮಾನ ಬಂದ್ರೆ ಎಕ್ಸ್‌ರೇ. ಸೀಲರ್‌ನಲ್ಲಿ ಯೂಜೆನಾಲ್, ಅಂದ್ರೆ ಲವಂಗದ ಎಣ್ಣೆಯ ಅಂಶ, ಇದ್ರೆ ಅದು ರೆಸಿನ್ ಗಟ್ಟಿಯಾಗೋದನ್ನ ಕೆಡಿಸುತ್ತೆ, ಮೇಲ್ಪದರ ಕೆರೆದು ತಾಜಾ ಡೆಂಟಿನ್ ತಂದ್ರೆ ತೊಂದರೆ ಬಹುಪಾಲು ಹೋಗುತ್ತೆ. ಇನ್ನೊಂದು, ಕೊನೇದಾಗಿ ನಾಳ ಶುದ್ಧ ಮಾಡೋ ಹೈಪೋಕ್ಲೋರೈಟ್ ದ್ರಾವಣ ಹಾಕಿ ತೊಳೆದು ಹಾಗೇ ಅಂಟಿಸಬೇಡಿ, ಅದು ಬಿಟ್ಟು ಹೋಗೋ ಆಕ್ಸಿಜನ್ ಕೂಡ ರೆಸಿನ್‌ಗೆ ಶತ್ರು, ನೀರಲ್ಲಿ ಚೆನ್ನಾಗಿ ತೊಳೆದು ನೀರು ಹೀರೋ ಕಾಗದದ ಕಡ್ಡಿ, ಅಂದ್ರೆ ಪೇಪರ್ ಪಾಯಿಂಟ್‌ನಿಂದ ಒಣಗಿಸಿ. ಗಾಳಿ ಊದಿದ್ರೆ ಆಳದಲ್ಲಿ ನೀರು ಹಾಗೇ ನಿಂತಿರುತ್ತೆ.

ರಬ್ಬರ್ ಡ್ಯಾಮ್, ಅಂದ್ರೆ ಜೊಲ್ಲು ಬರದ ಹಾಗೆ ಹಲ್ಲಿನ ಸುತ್ತ ಹಾಕೋ ರಬ್ಬರ್ ಹಾಳೆ, ಅದರ ಬಗ್ಗೆ ಚರ್ಚೆ ಬೇಡ, ಹಾಕಲೇಬೇಕು. ಪೋಸ್ಟನ್ನ ಹಾಕಿ ನೋಡಿದ ಮೇಲೆ ಜೊಲ್ಲು ತಾಗಿರುತ್ತೆ, ಆಲ್ಕೋಹಾಲ್‌ನಲ್ಲಿ ಒರೆಸಿ, ಕಂಪನಿ ಹೇಳಿದ್ರೆ ಅಂಟು ಚೆನ್ನಾಗಿ ಹಿಡಿಯೋಕೆ ಸೈಲೇನ್ ಅನ್ನೋ ದ್ರವ ಹಚ್ಚಿ, ಆಮೇಲೆ ಬೆರಳಲ್ಲಿ ಮುಟ್ಟಬೇಡಿ. ಹೈಡ್ರೋಫ್ಲೋರಿಕ್ ಆಸಿಡ್ ಹತ್ರ ತರಲೇಬೇಡಿ, ಗ್ಲಾಸ್ ಎಳೆಗಳನ್ನೇ ತಿಂದುಹಾಕುತ್ತೆ. ಉದ್ದ ಕಮ್ಮಿ ಮಾಡೋಕೆ ಡೈಮಂಡ್ ಬರ್ ಅನ್ನೋ ಡ್ರಿಲ್ ತುದಿ, ನೀರು ಬಿಟ್ಕೊಂಡು. ಇಕ್ಕಳದಲ್ಲಿ ಕತ್ತರಿಸಿದ್ರೆ ಕಬ್ಬು ಜಜ್ಜಿದ ಹಾಗೆ ಎಳೆಗಳು ಬಿಟ್ಕೊಳ್ಳುತ್ತೆ, ಹೊರಗೆ ಕಾಣಲ್ಲ, ಒಳಗೆ ಪೋಸ್ಟ್ ಸತ್ತಿರುತ್ತೆ. ಸಿಮೆಂಟ್ ಡ್ಯುಯಲ್ ಕ್ಯೂರ್, ಅಂದ್ರೆ ಬೆಳಕಿಗೂ ಬೆಳಕಿಲ್ಲದೆಯೂ ಗಟ್ಟಿಯಾಗೋದು, ಇರಲಿ, ಬೆಳಕು ಆಳಕ್ಕೆ ಪೂರ್ತಿ ಹೋಗಲ್ಲ, ಪಾರದರ್ಶಕ ಪೋಸ್ಟ್ ಅಂತ ಡಬ್ಬಿ ಮೇಲೆ ಬರೆದಿದ್ರೂ ಅಷ್ಟೇ. ಸಣ್ಣ ಟಿಪ್ ಹಾಕಿ ತಳದಿಂದ ಮೇಲಕ್ಕೆ ತುಂಬಿ, ಗಾಳಿಗುಳ್ಳೆ ಉಳಿಯಲ್ಲ. ಲೆಂಟ್ಯುಲೋ, ಅಂದ್ರೆ ಸಿಮೆಂಟನ್ನ ಒಳಗೆ ತಳ್ಳೋ ಸುರುಳಿ ತಂತಿ, ಸುತ್ತಿದ್ರೆ ಕೆಲವು ಸಿಮೆಂಟ್ ಪೋಸ್ಟ್ ಇಳಿಯೋಕೆ ಮುಂಚೆಯೇ ಗಟ್ಟಿಯಾಗಿಬಿಡುತ್ತೆ, ಅರ್ಧಕ್ಕೆ ನಿಂತ ಪೋಸ್ಟ್ ಮುಂದೆ ಕೂತ್ಕೊಂಡು ಬೆವರಿದ ಅನುಭವ ಇದೆ. ಕೊನೆಗೆ ಪೋಸ್ಟಿನ ಮೇಲಿನ ತುದಿಯನ್ನ ಕಾಂಪೋಸಿಟ್‌ನಿಂದ ಪೂರ್ತಿ ಮುಚ್ಚಿ, ಎಳೆಗಳ ತುದಿಗೆ ಬಾಯಿನೀರು ತಾಗ್ತಾ ಇದ್ರೆ ನಿಧಾನಕ್ಕೆ ಪೋಸ್ಟ್ ಬಲ ಕಳ್ಕೊಳ್ಳುತ್ತೆ.

ಆ ಟಿಶ್ಯೂ ಪೇಪರಿನವರ ಕಥೆ ಹೇಳ್ತೀನಿ. ಬೇರು ಸೀಳಿರಲಿಲ್ಲ, ಅದು ಅವರ ಅದೃಷ್ಟ, ನನ್ನದೂ ಹೌದು. ಆದ್ರೆ ಕ್ಯಾಪ್ ಬಿದ್ದು 2 ತಿಂಗಳಾಗಿತ್ತು, ಅಷ್ಟೂ ದಿನ ನಾಳ ಬಾಯಿಗೆ ತೆರೆದಿತ್ತು, ಮಧ್ಯೆ ಎರಡು ಸಲ ಮನೆಯಲ್ಲಿದ್ದ ಗಮ್ ಹಾಕಿ ತಾವೇ ಅಂಟಿಸ್ಕೊಂಡಿದ್ರಂತೆ. ತುದಿಯ ಗಟಾ ಪರ್ಚಾವನ್ನ ಇನ್ನು ನಂಬೋ ಹಾಗಿರಲಿಲ್ಲ, ರೂಟ್ ಕೆನಾಲ್ ಮತ್ತೆ ಮಾಡಿದ್ವಿ. ಒಸಡಿನ ಮೇಲೆ ಸಿಕ್ಕ ಹಲ್ಲು ಅರ್ಧ ಮಿಲಿಮೀಟರ್, ಅದಕ್ಕೇ ಬೇರಿಗೆ ಸಣ್ಣ ತಂತಿ ಕಟ್ಟಿ ಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಧಾನಕ್ಕೆ ಎಳೆದು, ಎಳೆದಲ್ಲೇ ನಿಲ್ಲಲಿ ಅಂತ ಇನ್ನಷ್ಟು ದಿನ ಕಟ್ಟಿಟ್ಟು, ಸುತ್ತ 2 ಮಿಲಿಮೀಟರ್ ಗಿಟ್ಟಿಸಿಕೊಂಡು, ಆಮೇಲೆ ಹೊಸ ಪೋಸ್ಟ್, ಹೊಸ ಕೋರ್, ಹೊಸ ಕ್ಯಾಪ್. ಐದು ನಿಮಿಷಕ್ಕೆ ಅಂತ ಬಂದವರು 3 ತಿಂಗಳು ಓಡಾಡಿದ್ರು, ಒಂದು ಸಲವೂ ಬೈಲಿಲ್ಲ, ಅದೇ ನನಗೆ ಜಾಸ್ತಿ ಚುಚ್ಚಿದ್ದು.

ನಿಮ್ಮ ಕ್ಯಾಪೂ ಹೀಗೆ ಪೋಸ್ಟ್ ಸಮೇತ ಬಂದ್ರೆ ಗಮ್ ಮುಟ್ಟಬೇಡಿ, ತೊಳೆದು ಉಜ್ಜಬೇಡಿ, ಒಂದು ಡಬ್ಬಿಯಲ್ಲಿ ಹಾಕ್ಕೊಂಡು ಒಂದೆರಡು ದಿನದೊಳಗೆ ಹೋಗಿ ತೋರಿಸಿ. ಪೋಸ್ಟ್ ಮೇಲೆ ಏನು ಮೆತ್ತಿದೆ ಅಂತ ನೋಡಿದ್ರೆ ನಮಗೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.