ಹೊಗೆ ಹೀರುವ ಪಾಚಿ: ದಾವಣಗೆರೆಯ ಲೆಕ್ಕ

ದಾವಣಗೆರೆ ಸುತ್ತ ಚಿಮಣಿಗಳಿಗೆ ಕೊರತೆಯಿಲ್ಲ. ಅಕ್ಕಿ ಗಿರಣಿಗಳು, ಸಕ್ಕರೆ ಕಾರ್ಖಾನೆ, ಮಂಡಕ್ಕಿ ಭಟ್ಟಿಗಳು ಎಲ್ಲ ಇವೆ. ಕೆರೆಗಳಿಗೂ ಕೊರತೆಯಿಲ್ಲ, ಪಾಚಿಗಂತೂ ಇಲ್ಲವೇ ಇಲ್ಲ. ಹಾಗಾಗಿ ‘ಆ ಹೊಗೆಯನ್ನು ಪಾಚಿ ಇರುವ ನೀರಿಗೆ ಬಿಟ್ಟರೆ ಆಯ್ತಲ್ವಾ?’ ಎಂಬ ಮಾತು ಇಲ್ಲಿನವರಿಗೆ ಬೇಗ ಹಿಡಿಸುತ್ತದೆ. ಮಾತು ಸುಳ್ಳಲ್ಲ. ಆದರೆ ಒಂದು ಸಲ ಲೆಕ್ಕ ಹಾಕಿ ನೋಡಬೇಕು.

ಪಾಚಿಗೆ ಬೇರಿಲ್ಲ, ಕಾಂಡವಿಲ್ಲ. ಮೈಯೆಲ್ಲ ಎಲೆಯ ಕೆಲಸವನ್ನೇ ಮಾಡುತ್ತದೆ. ಬಿಸಿಲು ಚೆನ್ನಾಗಿದ್ದರೆ ಕೆಲವು ಜಾತಿಗಳು ಒಂದೇ ದಿನದಲ್ಲಿ ಎರಡರಷ್ಟಾಗುತ್ತವೆ. ಒಣಗಿಸಿ ತೂಗಿದರೆ ಅದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಇಂಗಾಲ. ಅಂದರೆ, ಅನಿಲದಲ್ಲಿರುವ ಆಮ್ಲಜನಕದ ತೂಕವೂ ಸೇರಿ, ಒಂದು ಕಿಲೊ ಒಣ ಪಾಚಿ ಬೆಳೆಯಲು ಸುಮಾರು 1.8 ಕಿಲೊ ಇಂಗಾಲದ ಡೈಆಕ್ಸೈಡ್ ಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಈ ಅನಿಲ ಶೇ. 0.04ರಷ್ಟು ಮಾತ್ರ. ಬಾಯ್ಲರ್ ಹೊಗೆಯಲ್ಲಿ ಶೇ. 10ರಿಂದ 15. ಪಾಚಿಗೆ ಅದು ಹಬ್ಬದೂಟ.

ಬೆಳೆಸುವುದು ಹೀಗೆ. ಒಂದು ಅಡಿಗಿಂತ ಕಡಿಮೆ ಆಳದ, ಉದ್ದನೆಯ ತೊಟ್ಟಿ ಕಟ್ಟುತ್ತಾರೆ. ಒಂದು ಕಡೆ ಹಲಗೆಗಳಿರುವ ಚಕ್ರ ನಿಧಾನವಾಗಿ ತಿರುಗುತ್ತಾ ನೀರನ್ನು ಸುತ್ತಿಸುತ್ತಿರುತ್ತದೆ. ನಿಂತರೆ ಪಾಚಿ ತಳ ಸೇರುತ್ತದೆ, ಕೆಳಗಿದ್ದದ್ದಕ್ಕೆ ಬಿಸಿಲು ಸಿಗುವುದಿಲ್ಲ. ತಣಿಸಿದ ಹೊಗೆಯನ್ನು ತಳದಿಂದ ಸಣ್ಣ ಗುಳ್ಳೆಗಳಾಗಿ ಬಿಡುತ್ತಾರೆ. ಗುಳ್ಳೆ ದೊಡ್ಡದಾದರೆ ಅನಿಲ ಕರಗುವ ಮೊದಲೇ ಮೇಲೆ ಬಂದು ಒಡೆದು ಹೋಗುತ್ತದೆ. ನೀರು ಕಡು ಹಸಿರಾಗಿ ಕಾಣುತ್ತದೆ, ಆದರೆ ಒಂದು ಲೀಟರಿನಲ್ಲಿ ಇರುವ ಒಣ ಪಾಚಿ ಅರ್ಧದಿಂದ ಒಂದು ಗ್ರಾಂ ಅಷ್ಟೇ! ಒಂದು ಕಿಲೊ ಬೇಕೆಂದರೆ ಸಾವಿರ, ಎರಡು ಸಾವಿರ ಲೀಟರ್ ನೀರು ಸೋಸಬೇಕು. ಸ್ಪಿರುಲಿನಾ ಎಂಬ ಪಾಚಿ ಸುರುಳಿ ಎಳೆಯಂತಿರುವುದರಿಂದ ನಯವಾದ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಕ್ಲೋರೆಲ್ಲಾ ಎಂಬ ಸಣ್ಣ ದುಂಡು ಪಾಚಿ ಬಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಅದಕ್ಕೆ ಗಿರ್ರನೆ ತಿರುಗಿಸಿ ಬೇರೆ ಮಾಡುವ ಯಂತ್ರ ಬೇಕು, ಅದಕ್ಕೆ ಕರೆಂಟು ಬೇಕು. ಖರ್ಚು ಜಾಸ್ತಿಯಾಗುವ ಜಾಗಗಳಲ್ಲಿ ಇದೂ ಒಂದು.

ಈಗ ಲೆಕ್ಕ. ಚೆನ್ನಾಗಿ ನೋಡಿಕೊಂಡ ತೆರೆದ ತೊಟ್ಟಿ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 20 ಗ್ರಾಂ ಕೊಡುತ್ತದೆ ಎಂದುಕೊಳ್ಳೋಣ. ಒಂದು ಹೆಕ್ಟೇರಿಗೆ, ಅಂದರೆ ಎರಡೂವರೆ ಎಕರೆಗೆ, 200 ಕಿಲೊ ಪಾಚಿ. ಅದು ಹೀರುವ ಇಂಗಾಲದ ಡೈಆಕ್ಸೈಡ್ 360 ಕಿಲೊ. ಗಂಟೆಗೆ ಅರ್ಧ ಟನ್ ಭತ್ತದ ಹೊಟ್ಟು ಉರಿಸುವ ಗಿರಣಿ ಬಾಯ್ಲರ್ ಇಷ್ಟನ್ನು ಅರ್ಧ ಗಂಟೆಯಲ್ಲಿ ಬಿಡುತ್ತದೆ. ವರ್ಷಕ್ಕೆ 10 ಲಕ್ಷ ಟನ್ ಸಿಮೆಂಟ್ ಮಾಡುವ ಕಾರ್ಖಾನೆಯಿಂದ ಸುಮಾರು 6 ಲಕ್ಷ ಟನ್ ಹೊರಬರುತ್ತದೆ. ಅದಷ್ಟನ್ನೂ ಹೀರಲು 4,500 ಹೆಕ್ಟೇರಿಗೂ ಹೆಚ್ಚು ತೊಟ್ಟಿ ಬೇಕು. ನಮ್ಮ ಚನ್ನಗಿರಿಯ ಸೂಳೆಕೆರೆಗಿಂತ ದೊಡ್ಡದು. ರಾತ್ರಿ ಬೇರೆ ಪಾಚಿ ಕೆಲಸ ಮಾಡುವುದಿಲ್ಲ, ಚಿಮಣಿಗೆ ರಾತ್ರಿ ರಜೆಯಿಲ್ಲ.

ಅಮೆರಿಕದ ಇಂಧನ ಇಲಾಖೆ 1978ರಿಂದ 1996ರವರೆಗೆ ಪಾಚಿಯ ಮೇಲೆ ದೊಡ್ಡ ಯೋಜನೆಯನ್ನೇ ನಡೆಸಿತು. ನ್ಯೂ ಮೆಕ್ಸಿಕೊದ ತೊಟ್ಟಿಗಳಲ್ಲಿ, ಬಿಟ್ಟ ಇಂಗಾಲದ ಡೈಆಕ್ಸೈಡಿನ ಶೇ. 90ಕ್ಕಿಂತ ಹೆಚ್ಚನ್ನು ನೀರಿನಲ್ಲಿ ಹಿಡಿದಿಡಬಹುದು ಎಂದು ತೋರಿಸಿದರು. ಅಲ್ಲಿ ಕೈಕೊಟ್ಟದ್ದು ರಾತ್ರಿಯ ಚಳಿ, ಆಮೇಲೆ ಖರ್ಚು. ಚಳಿಯ ತೊಂದರೆ ನಮಗಿಲ್ಲ. ಚಿತ್ರದುರ್ಗ, ಚಳ್ಳಕೆರೆ ಕಡೆ ಬಿಸಿಲಿಗೆ ಬರವೇ? ಬರ ಇರುವುದು ನೀರಿಗೆ. ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ಆವಿಯಾದರೂ ಹೆಕ್ಟೇರಿಗೆ 50 ಸಾವಿರ ಲೀಟರ್ ಹೋಯಿತು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಿನಲ್ಲಿ ಅದನ್ನು ತುಂಬಿಸಿ ಎಂದು ಕೇಳಲು ನನಗಂತೂ ಮನಸ್ಸು ಬರುವುದಿಲ್ಲ. ಕುಡಿಯಲಾಗದ ಸವಳು ನೀರಿದ್ದರೆ ಮಾತು ಬೇರೆ. ಸ್ಪಿರುಲಿನಾಕ್ಕೆ ಕ್ಷಾರದ ನೀರೇ ಇಷ್ಟ.

ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ. ಪಾಚಿ ಹಿಡಿದ ಇಂಗಾಲ ಮುಂದೆ ಎಲ್ಲಿಗೆ ಹೋಗುತ್ತದೆ? ದನಕ್ಕೆ ಹಾಕಿದರೆ ಉಸಿರಾಗಿ, ಉರಿಸಿದರೆ ಹೊಗೆಯಾಗಿ, ಕೊಳೆತರೆ ಅನಿಲವಾಗಿ ಬಹುಪಾಲು ವಾಪಸ್ ಬರುತ್ತದೆ. ಭತ್ತದ ಹೊಟ್ಟು, ಕಬ್ಬಿನ ಸಿಪ್ಪೆಯ ಇಂಗಾಲವಾದರೂ ಕಳೆದ ಬೆಳೆ ಗಾಳಿಯಿಂದಲೇ ತೆಗೆದುಕೊಂಡದ್ದು. ಹಾಗಾದರೆ ಲಾಭ ಎಲ್ಲಿದೆ? ಆ ಪಾಚಿ ಬೇರೆ ಯಾವುದರ ಬಳಕೆಯನ್ನು ತಪ್ಪಿಸುತ್ತದೆ ಎಂಬುದರಲ್ಲಿದೆ.

ಅದಕ್ಕೇ ನಮ್ಮ ಭಾಗದಲ್ಲಿ ಚಿಮಣಿಯಿಂದ ಶುರು ಮಾಡಬಾರದು, ಎಥೆನಾಲ್ ಘಟಕದಿಂದ ಮಾಡಬೇಕು ಎಂದು ನಾನು ಹೇಳುತ್ತೇನೆ. ಕಾಕಂಬಿಯನ್ನೋ ಕಬ್ಬಿನ ಹಾಲನ್ನೋ ಹುದುಗಿಸಿದಾಗ ಎಥೆನಾಲ್ ಎಷ್ಟು ತೂಕ ಬರುತ್ತದೋ ಹೆಚ್ಚುಕಡಿಮೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಲೀಟರಿಗೆ ಸುಮಾರು ಮುಕ್ಕಾಲು ಕಿಲೊ. ಅದರಲ್ಲಿ ಬೂದಿಯಿಲ್ಲ, ಗಂಧಕವಿಲ್ಲ, ತಣಿಸುವ ಕೆಲಸವಿಲ್ಲ. ಕಲ್ಲಿದ್ದಲಿನ ಹೊಗೆಯಲ್ಲಿ ಪಾದರಸದಂಥ ಲೋಹಗಳಿರುತ್ತವೆ. ಅದರಲ್ಲಿ ಬೆಳೆದ ಪಾಚಿಯನ್ನು ಮೇವಿಗೆ ಕೊಡಲು ಧೈರ್ಯ ಸಾಲದು. ಹುದುಗಿನ ಅನಿಲಕ್ಕೆ ಆ ಭಯವಿಲ್ಲ. ದಿನಕ್ಕೆ ಒಂದು ಲಕ್ಷ ಲೀಟರ್ ತಯಾರಿಸುವ ಘಟಕದಿಂದ 75 ಟನ್ ಅನಿಲ ಬರುತ್ತದೆ. ಹತ್ತು ಹೆಕ್ಟೇರ್ ತೊಟ್ಟಿ ಅದರಲ್ಲಿ ಹೀರುವುದು ಮೂರೂವರೆ ಟನ್ ಚಿಲ್ಲರೆ. ಸಣ್ಣ ಪಾಲು, ನಿಜ. ಆದರೆ ದಿನಕ್ಕೆ ಎರಡು ಟನ್ ಪಾಚಿ ಕೈಗೆ ಬರುತ್ತದೆ.

ಅದರಲ್ಲಿ ಸ್ವಲ್ಪ ಜಾಗವನ್ನು ನೀಲಿ-ಹಸಿರು ಪಾಚಿಗಳಾದ ಅನಬೀನಾ, ನಾಸ್ಟಾಕ್‌ಗಳಿಗೆ ಬಿಡಬಹುದು. ಇವು ಗಾಳಿಯ ಸಾರಜನಕವನ್ನೂ ಹಿಡಿಯುತ್ತವೆ. ಗದ್ದೆಯ ಫಲವತ್ತತೆಗೆ ಇವೂ ಕಾರಣ ಎಂದು ವಿಜ್ಞಾನಿ ಪಿ. ಕೆ. ಡೇ 1939ರಲ್ಲೇ ತೋರಿಸಿದ್ದರು. ಒಣಗಿಸಿದ ಪಾಚಿಯನ್ನು ನಾಟಿಯಾದ ಗದ್ದೆಯ ನಿಂತ ನೀರಿಗೆ ಎರಚಿದರೆ ಅದು ಅಲ್ಲೇ ಮತ್ತೆ ಚಿಗುರಿ ಹರಡುತ್ತದೆ. ಚೆನ್ನಾಗಿ ಹತ್ತಿದರೆ ಹೆಕ್ಟೇರಿಗೆ 20ರಿಂದ 30 ಕಿಲೊ ಸಾರಜನಕ ಕೊಡುತ್ತದೆ. ಭದ್ರಾ ನಾಲೆಯ ರೈತರ ಲೆಕ್ಕದಲ್ಲಿ ಹೇಳುವುದಾದರೆ 45 ಕಿಲೊದ ಒಂದು ಚೀಲ ಯೂರಿಯಾ ಉಳಿಯಿತು, ಅದನ್ನು ತಯಾರಿಸಲು ಬಳಸಬೇಕಿದ್ದ ನೈಸರ್ಗಿಕ ಅನಿಲವೂ ಉಳಿಯಿತು.