ಭೂಕಂಪ ಬಂದರೆ ಹೊರಗೆ ಓಡಬೇಕಾ?

"ಕೆಲಸಕ್ಕೆ ಅಂತ ಜಪಾನ್‌ಗೆ ಬಂದು ಎರಡು ತಿಂಗಳಾಯಿತು. ಆರನೇ ಮಹಡಿಯಲ್ಲಿ ಮನೆ. ಜೋರಾಗಿ ಭೂಮಿ ನಡುಗಿದರೆ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಓಡಬೇಕು, ಅಲ್ವಾ?"

ಅಲ್ಲ. ಲಿಫ್ಟೂ ಬೇಡ, ಮೆಟ್ಟಿಲೂ ಬೇಡ. ಹೊಸದಾಗಿ ಬಂದವರೆಲ್ಲ ಇದನ್ನೇ ಕೇಳುತ್ತಾರೆ, ನಾನೂ ಇದನ್ನೇ ಹೇಳುತ್ತಾ ಬಂದಿದ್ದೇನೆ. ಮೇಜಿನ ಕೆಳಗೆ ನುಸುಳಿ, ಅದರ ಕಾಲು ಗಟ್ಟಿಯಾಗಿ ಹಿಡಿದುಕೊಳ್ಳಿ. ಮಲಗಿದ್ದರೆ ದಿಂಬನ್ನು ತಲೆ ಮೇಲಿಟ್ಟುಕೊಂಡು ಅಲ್ಲೇ ಇರಿ. ನಡುಕ ನಿಲ್ಲಲಿ.

"ಕಟ್ಟಡವೇ ಬಿದ್ದರೆ?" ಈ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. 1993ರಲ್ಲಿ ಲಾತೂರ್ ಜಿಲ್ಲೆಯಲ್ಲಿ ಕಲ್ಲು-ಮಣ್ಣಿನ ಮನೆಗಳು ಮಲಗಿದ್ದವರ ಮೇಲೆ ಕುಸಿದವು. ಅಂಥ ಮನೆಯ ಬಾಗಿಲ ಪಕ್ಕದಲ್ಲೇ ಇದ್ದವರು ಬಯಲಿಗೆ ಓಡುವುದು ಸರಿ. ಆದರೆ ನೀವಿರುವುದು ಅಂಥ ಮನೆಯಲ್ಲಲ್ಲ. ಜಪಾನ್ 1981ರಲ್ಲಿ ಕಟ್ಟಡ ನಿಯಮಗಳನ್ನು ಬಿಗಿ ಮಾಡಿತು. ಆಮೇಲೆ ಕಟ್ಟಿದವು ದೊಡ್ಡ ಭೂಕಂಪದಲ್ಲಿ ಬಿರುಕು ಬಿಟ್ಟರೂ ಒಳಗಿದ್ದವರ ಮೇಲೆ ಕುಸಿಯಬಾರದು ಅನ್ನುವುದೇ ಆ ನಿಯಮದ ಗುರಿ. ನಿಮ್ಮ ಕಟ್ಟಡ ಯಾವ ವರ್ಷದ್ದು ಅಂತ ಇವತ್ತೇ ಕೇಳಿ.

ಇನ್ನು ಓಡುವ ಮಾತು. ಇಲ್ಲಿ ನಡುಕವನ್ನು ಶಿಂದೋ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಗರಿಷ್ಠ 7. ಶಿಂದೋ 6ರ ಕೆಳಹಂತಕ್ಕೇ ನಿಲ್ಲುವುದು ಕಷ್ಟ. ಮೇಲಿನ ಹಂತದಲ್ಲಿ ತೆವಳಿಕೊಂಡು ಹೋಗಬೇಕು. ಮೆಟ್ಟಿಲಲ್ಲಿ ಓಡುವುದು ಹೇಗೆ ಹೇಳಿ? ಹೇಗೋ ಕೆಳಗೆ ಮುಟ್ಟಿದಿರಿ ಅಂದುಕೊಳ್ಳೋಣ. ಗೋಡೆ ಪಕ್ಕದಲ್ಲಿ ಕಿಟಕಿಯ ಗಾಜು, ಹೆಂಚು, ಬೋರ್ಡು ಎಲ್ಲಾ ಬೀಳುತ್ತಿರುತ್ತವೆ. 2018ರ ಜೂನ್‌ನಲ್ಲಿ ಒಸಾಕಾ ಭಾಗದಲ್ಲಿ ಮ್ಯಾಗ್ನಿಟ್ಯೂಡ್ 6.1ರ ಭೂಕಂಪ ಆಯಿತು. ಶಾಲೆಗೆ ನಡೆದು ಹೋಗುತ್ತಿದ್ದ ಒಂಬತ್ತು ವರ್ಷದ ಹುಡುಗಿ ಕಾಂಕ್ರೀಟ್ ಬ್ಲಾಕ್ ಗೋಡೆ ಬಿದ್ದು ತೀರಿಕೊಂಡಳು. ಅವತ್ತು ಅವಳು ಇದ್ದದ್ದು ಹೊರಗೇ.

ನಡುಕ ನಿಂತ ಮೇಲೆ ಬಾಗಿಲು ತೆರೆದಿಡಿ, ಒಲೆ ಆರಿಸಿ, ಚಪ್ಪಲಿ ಹಾಕಿಕೊಂಡೇ ಓಡಾಡಿ. ಸಮುದ್ರದ ಹತ್ತಿರ ಇದ್ದರೆ ಮಾತ್ರ ಸುನಾಮಿ ಸೈರನ್‌ಗೆ ಕಾಯದೆ ಎತ್ತರದ ಜಾಗಕ್ಕೆ ನಡೆಯಿರಿ.

ಶಿಂದೋ ಅಂದೆನಲ್ಲ, ಅದನ್ನೂ ಸ್ವಲ್ಪ ಬಿಡಿಸಿ ಹೇಳಿಬಿಡುತ್ತೇನೆ. ಟಿವಿಯಲ್ಲಿ "9.0" ಅಂತ ಬಂದ ಕೂಡಲೇ ಊರಲ್ಲಿ ಎಲ್ಲರೂ ಗಾಬರಿಯಾಗುತ್ತಾರೆ. ಅದು ಮ್ಯಾಗ್ನಿಟ್ಯೂಡ್, ಇಡೀ ಭೂಕಂಪಕ್ಕೆ ಒಂದೇ ಅಂಕಿ. ಶಿಂದೋ ಆಯಾ ಜಾಗದ ನಡುಕ. 2011ರ ಮಾರ್ಚ್ 11ರ 9.0 ಭೂಕಂಪದಲ್ಲಿ ಈಶಾನ್ಯ ಜಪಾನಿನ ಕುರಿಹಾರಾ ನಗರದಲ್ಲಿ ಶಿಂದೋ 7 ಇತ್ತು, ಟೋಕಿಯೋದಲ್ಲಿ 5ರ ಮೇಲಿನ ಹಂತ. ಭೂಕಂಪ ಒಂದೇ. ಹಾಗಾಗಿ ಅಮ್ಮನಿಗೆ ಮೆಸೇಜ್ ಮಾಡುವಾಗ "ಹುಷಾರಾಗಿದ್ದೀನಿ" ಅನ್ನುವುದರ ಜೊತೆಗೆ ನಿಮ್ಮ ಊರಿನ ಶಿಂದೋ ಎಷ್ಟು ಅಂತಲೂ ಬರೆಯಿರಿ.