ಆಲೋರ್ ದ್ವೀಪದ ಹಂದಿ, ಮೀನು, ಮೆಕ್ಕೆಜೋಳ

ಇಂಡೋನೇಷ್ಯಾದ ಪೂರ್ವದಲ್ಲಿ, ಟಿಮೋರ್‌ನ ಉತ್ತರಕ್ಕೆ, ಆಲೋರ್ ಮತ್ತು ಪಂತಾರ್ ಎಂಬ ಗುಡ್ಡಗಾಡು ದ್ವೀಪಗಳಿವೆ. ಅಷ್ಟು ಚಿಕ್ಕ ಜಾಗದಲ್ಲಿ ಸುಮಾರು ಇಪ್ಪತ್ತು ಪಾಪುವನ್ ಭಾಷೆಗಳಿವೆ. ಪಾಪುವನ್ ಎಂಬುದು ಒಂದೇ ಭಾಷಾಕುಲದ ಹೆಸರಲ್ಲ. ನ್ಯೂಗಿನಿ ಮತ್ತು ಅದರ ಆಸುಪಾಸಿನಲ್ಲಿ ಆಸ್ಟ್ರೋನೇಷ್ಯನ್ ಕುಲಕ್ಕೆ (ಮಲಯ, ಇಂಡೋನೇಷ್ಯನ್ ಮೊದಲಾದವು ಇರುವ ಕುಲ) ಸೇರದ ನೂರಾರು ಭಾಷೆಗಳನ್ನು ಒಟ್ಟಾಗಿ ಹಾಗೆ ಕರೆಯುತ್ತಾರೆ. ಆದ್ದರಿಂದ ಯಾವುದಕ್ಕೆ ಯಾವುದು ನೆಂಟ ಎಂಬುದನ್ನು ಪದಗಳನ್ನು ಹಿಡಿದೇ ತೋರಿಸಬೇಕು.

ಹಂದಿಯನ್ನೇ ತೆಗೆದುಕೊಳ್ಳಿ. ಪಂತಾರ್‌ನ ಕಾಏರಾ ಭಾಷೆಯಲ್ಲಿ ಅದು 'ಬೆಯ್', ಆಲೋರ್‌ನ ಅಬುಯಿಯಲ್ಲಿ 'ಫೆ', ಅದರ ನೆರೆಯ ಕಾಮಾಂಗ್‌ನಲ್ಲಿ 'ಪೆ'. ಇಲ್ಲಿನ 'ಫ' ನಾವು ಫ್ಯಾನ್ ಎನ್ನುವಾಗ ಬರುವ ಧ್ವನಿ. ಇನ್ನು ಮೀನು: ಅದೇ ಕ್ರಮದಲ್ಲಿ 'ಅಬ್', 'ಅಫು', 'ಅಪಿ'. ಕಾಏರಾದ 'ಬ' ಇದ್ದ ಕಡೆ ಅಬುಯಿಯಲ್ಲಿ 'ಫ', ಕಾಮಾಂಗ್‌ನಲ್ಲಿ 'ಪ'. ಹೋಲಿಕೆ ಆಕಸ್ಮಿಕವಾಗಿಯೂ ಇರಬಹುದು. ವ್ಯತ್ಯಾಸವೇ ಹೀಗೆ ನಿಯಮ ಹಿಡಿದು ನಡೆದರೆ ಅದು ರಕ್ತಸಂಬಂಧದ ಗುರುತು. ಇಂಥ ಜೋಡಿಗಳಿಂದಲೇ ಭಾಷಾವಿಜ್ಞಾನಿಗಳಾದ ಗ್ಯಾರಿ ಹೋಲ್ಟನ್, ಮರಿಯಾನ್ ಕ್ಲಾಮರ್ ಮತ್ತು ಸಂಗಡಿಗರು 2012ರಲ್ಲಿ ಈ ಕುಲದ ಮೂಲಭಾಷೆಯ ಹಲವು ಪದಗಳನ್ನು ಮತ್ತೆ ಕಟ್ಟಿದರು.

ನನಗೆ ಅತ್ಯಂತ ಇಷ್ಟವಾದದ್ದು ಮಾತ್ರ ಮೆಕ್ಕೆಜೋಳದ ಪ್ರಕರಣ. ಪಂತಾರ್‌ನ ತೇವಾ ಭಾಷೆಯಲ್ಲಿ ಅದು 'ಬತರ್', ಅಬುಯಿಯಲ್ಲಿ 'ಫತಿ'. ಅದೇ 'ಬ', ಅದೇ 'ಫ'. ನಿಯಮದ ಪ್ರಕಾರ ಪದ ಈ ಭಾಷೆಗಳು ಬೇರಾಗುವ ಮೊದಲಿನದು, ಅಂದರೆ ಬಹಳ ಹಳೆಯದಿರಬೇಕು. ಆದರೆ ಬೆಳೆ ಅಮೆರಿಕದ್ದು, 1492ಕ್ಕೆ ಮೊದಲು ಏಷ್ಯಾದಲ್ಲಿ ಯಾರೂ ಅದನ್ನು ಬಿತ್ತಿರಲಿಲ್ಲ. ಹಾಗಾದರೆ ಪದ ಎಲ್ಲಿಯದು? ಆಸ್ಟ್ರೋನೇಷ್ಯನ್ ಕುಲದಲ್ಲಿ 'ಬತಡ್' ಎಂಬ ಪ್ರಾಚೀನ ಪದವಿತ್ತು. ಅರ್ಥ ಜೋಳ ಅಥವಾ ಸಿರಿಧಾನ್ಯ. ಆಲೋರ್–ಪಂತಾರ್‌ನವರು ಅದನ್ನು ಬಹಳ ಹಿಂದೆಯೇ ಎರವಲು ಪಡೆದಿರಬೇಕು. ಹೊಸ ಬೆಳೆ ಬಂದಾಗ ಹಳೆಯ ಧಾನ್ಯದ ಹೆಸರು ಅದಕ್ಕೆ ದಾಟಿತು. ನಮ್ಮಲ್ಲೂ ಜೋಳದ ಹೆಸರೇ ಮುಸುಕಿನ ಜೋಳಕ್ಕೆ ಹೋಗಲಿಲ್ಲವೇ? ಧ್ವನಿಯ ನಿಯಮ ಪದದ ವಯಸ್ಸನ್ನು ಹೇಳುತ್ತದೆ, ಆ ಪದ ಸೂಚಿಸುವ ವಸ್ತುವಿನ ವಯಸ್ಸನ್ನಲ್ಲ. ಪದಪಟ್ಟಿ ನೋಡಿ ಪ್ರಾಚೀನರ ಊಟ, ಬೇಸಾಯಗಳನ್ನು ಚಿತ್ರಿಸುವವರು ಇದನ್ನು ಮರೆಯಬಾರದು.

ಈ ಕುಲ ಎರಡು ದ್ವೀಪಗಳಿಗೇ ಮುಗಿಯುವುದಿಲ್ಲ. ಪೂರ್ವ ಟಿಮೋರ್‌ನ ಮಕಸಾಯ್ ಭಾಷೆಯಲ್ಲಿ ಮೀನು 'ಅಫಿ', ಫತಲುಕುವಿನಲ್ಲಿ 'ಅಪಿ'. ಕಡಲಿನ ಆಚೆಯ ಈ ನೆಂಟಸ್ತಿಕೆ ಈಗ ಗಟ್ಟಿಯಾಗಿದೆ. ನ್ಯೂಗಿನಿಯ ದೊಡ್ಡ ಕುಲದೊಂದಿಗೆ ಸಂಬಂಧ ಕಲ್ಪಿಸಲು ಮಾತ್ರ ಸಾಕಷ್ಟು ಪುರಾವೆ ಸಿಕ್ಕಿಲ್ಲ. ಆಲೋರ್‌ನ ಮಕ್ಕಳು ಶಾಲೆಯಲ್ಲಿ ಇಂಡೋನೇಷ್ಯನ್, ಪೇಟೆಯಲ್ಲಿ ಮಲಯ ಆಡುತ್ತ ಬೆಳೆಯುತ್ತಿದ್ದಾರೆ. ಉಳಿದ ಪದಗಳನ್ನು ಹಿರಿಯರ ಬಾಯಿಂದ ಬರೆದುಕೊಳ್ಳುವ ಕೆಲಸ ಇನ್ನೂ ಬಹಳ ಬಾಕಿ ಇದೆ.